ಮದ್ದಿನ ಹದ

ಮದ್ದು ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ರೋಗಿಗೆ ಕೊಡುವುದೂ ಮದ್ದು. ಬಂದೂಕಿಗೆ ತುಂಬುವುದೂ ಮದ್ದು. ಚಿಂತಾಮಣಿ, ಶಿಡ್ಲಘಟ್ಟಗಳ ಕಡೆ ಮನೆಯೊಳಗೆ ತೆಲುಗನ್ನಾಡುವ ಕುಟುಂಬಗಳಲ್ಲಿ ಇದೇ ಶಬ್ದವು ಮಂದು ಎಂದಾಗಿ, ಅಲ್ಲಿಯೂ ಈ ಎರಡು ಅರ್ಥಗಳನ್ನು ಉಳಿಸಿಕೊಂಡಿದೆ. ಒಂದು ಜೀವವನ್ನು ಉಳಿಸುವ ವಸ್ತು. ಇನ್ನೊಂದು ಜೀವವನ್ನು ತೆಗೆಯಬಲ್ಲ ವಸ್ತು. ಇವೆರಡಕ್ಕೂ ಹಿರಿಯರು ಒಂದೇ ಹೆಸರನ್ನಿಟ್ಟದ್ದು ವಿಚಿತ್ರವಾಗಿ ಕಂಡರೂ ಅರ್ಥವಿಲ್ಲದ ಮಾತಲ್ಲ. ಎರಡನ್ನೂ ಕುಟ್ಟಿ, ಅರೆದು, ಜರಡಿ ಹಿಡಿದು, ತೂಗಿ ಕೊಡಬೇಕು. ಎರಡನ್ನೂ ತೇವದಿಂದ ಕಾಪಾಡಬೇಕು. ಎರಡರಲ್ಲಿಯೂ ಪ್ರಮಾಣ ತಪ್ಪಿದರೆ ಅನರ್ಥವು ತಪ್ಪದು. ಪಾಕಕ್ಕೆ ಹದವಿರುವಂತೆ, ಬಿತ್ತುವ ನೆಲಕ್ಕೆ ಹದವಿರುವಂತೆ, ಈ ಮದ್ದಿಗೂ ಅದನ್ನು ಸಿಡಿಸುವ ಯಂತ್ರಕ್ಕೂ ಒಂದು ಹದವುಂಟು. ಅದನ್ನು ಅರಿತ ಕೈಗಳು ಈ ಸೀಮೆಯಲ್ಲಿ ದಿನೇ ದಿನೇ ವಿರಳವಾಗುತ್ತಿವೆ.

ಸಂಸ್ಕೃತ ಬಲ್ಲವರು ಇಂಥ ಪ್ರಸಂಗದಲ್ಲಿ ಶುಕ್ರನೀತಿಯನ್ನು ನೆನೆಯುವುದು ಸಹಜ. ಆ ಗ್ರಂಥದಲ್ಲಿ ಬಂದೂಕಿಗೆ ನಾಲಿಕವೆಂದೂ ಮದ್ದಿಗೆ ಅಗ್ನಿಚೂರ್ಣವೆಂದೂ ಹೆಸರು. ಪೆಟ್ಲುಪ್ಪು ಐದು ಪಲ, ಗಂಧಕ ಒಂದು ಪಲ, ಎಕ್ಕ ಕಳ್ಳಿ ಮೊದಲಾದವುಗಳ ಇದ್ದಲು ಒಂದು ಪಲ ಎಂದು ಅಲ್ಲಿ ಪ್ರಮಾಣವನ್ನು ವಿಧಿಸಿದೆ. ಇದನ್ನು ಹಿಡಿದುಕೊಂಡು ಪ್ರಾಚೀನ ಆರ್ಯಾವರ್ತದಲ್ಲಿ ಬಂದೂಕುಗಳಿದ್ದುವೆಂದು ವಾದಿಸಿದವರು ಉಂಟು. ಆದರೆ ಲಲ್ಲನ್‌ಜೀ ಗೋಪಾಲರು ೧೯೬೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆ ಗ್ರಂಥವು ೧೯ನೆಯ ಶತಮಾನದ್ದೆಂದು ಕಾರಣಸಹಿತವಾಗಿ ಪ್ರತಿಪಾದಿಸಿದರು. ಪಿ. ಕೆ. ಗೋಡೆಯವರು ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಬರೆದಾಗಲೂ (ಅದು ೧೯೫೩ರಲ್ಲಿ ಬೆಂಗಳೂರಿನಲ್ಲಿಯೇ ಅಚ್ಚಾಯಿತು) ಕ್ರಿ. ಶ. ೧೪೦೦ರಿಂದ ಈಚಿನ ಕಾಲವನ್ನೇ ಆರಿಸಿಕೊಂಡರು. ಗ್ರಂಥವು ಈಚಿನದಾದರೇನು, ಪ್ರಮಾಣವು ಹುಸಿಯಲ್ಲ. ಶುಕ್ರನೀತಿಯ ಲೆಕ್ಕದಲ್ಲಿ ನೂರು ಭಾಗಕ್ಕೆ ಪೆಟ್ಲುಪ್ಪು ಸುಮಾರು ೭೧ ಆಗುವುದು. ಐರೋಪ್ಯರು ನೆಲೆಗೊಳಿಸಿಕೊಂಡದ್ದು ಪೆಟ್ಲುಪ್ಪು ೭೫, ಇದ್ದಲು ೧೫, ಗಂಧಕ ೧೦. ಬಾಯಿಪಾಠ ಮಾಡಿದ ಶ್ಲೋಕಕ್ಕೂ ತೂಗಿ ನೋಡಿದ ತಕ್ಕಡಿಗೂ ನಡುವೆ ಅಂತರವು ಸ್ವಲ್ಪವೇ.

ಚಿಕ್ಕಬಳ್ಳಾಪುರದ ಸೀಮೆಗೆ ಈ ಮದ್ದಿನ ಪರಿಚಯವು ಹೊಸದಲ್ಲ. ಪಾಳೆಯಗಾರರ ಕೋಟೆಗಳೆಲ್ಲ ಇದರ ಹೊಗೆಯನ್ನು ಕಂಡವೇ. ಕಾರ್ನ್‌ವಾಲಿಸನ ಸೇನೆಯ ಒಂದು ದಳವು ನಂದಿದುರ್ಗದ ಕಡಿದಾದ ಬಂಡೆಯ ಮಗ್ಗುಲಿಗೆ ಫಿರಂಗಿಗಳನ್ನು ಎಳೆದು ಏರಿಸಿ, ಗೋಡೆಯನ್ನು ಒಡೆದು, ೧೭೯೧ರ ಅಕ್ಟೋಬರ್ ೧೯ರಂದು ದುರ್ಗವನ್ನು ಹಿಡಿಯಿತು. ಅಂದಿನ ಸಿಪಾಯಿಯ ಬಂದೂಕು ಕಲ್ಲಿನ ಕಿಡಿಯಿಂದ ಹೊತ್ತುತ್ತಿತ್ತು. ಚಕಮಕಿಯ ಕಿಡಿಯು ಹೊರಗಿನ ಬಟ್ಟಲಲ್ಲಿರುವ ರಂಜಕಕ್ಕೆ ಬಿದ್ದು, ಅದರ ಉರಿಯು ಕಿವಿಯ ಮೂಲಕ ಒಳಗೆ ನುಗ್ಗಬೇಕು. ಮಳೆ ಬಂದರೆ ರಂಜಕ ನೆನೆಯುವುದು; ಗಾಳಿ ಬೀಸಿದರೆ ಹಾರಿಹೋಗುವುದು. ಹೊತ್ತಿದರೂ ಮೊದಲು ಹೊರಗೆ ಮಿಂಚಿ ಆಮೇಲೆ ಒಳಗೆ ಸಿಡಿಯುವುದು.

ಈ ತೊಡಕನ್ನು ಬಿಡಿಸಿದವನು ಯೋಧನಲ್ಲ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಗ್ರಾಮದ ಪಾದ್ರಿ, ಅಲೆಕ್ಸಾಂಡರ್ ಫೋರ್ಸೈತ್. ರಂಜಕದ ಮಿಂಚನ್ನು ಕಂಡು ಬಾತುಗಳು ಎಚ್ಚೆತ್ತು ಮುಳುಗುವುದು ಅವನಿಗೆ ಬೇಸರವನ್ನುಂಟುಮಾಡಿತು. ಪೆಟ್ಟಿಗೆ ಸಿಡಿಯುವ ರಸಾಯನಗಳಿಂದಲೇ ಮದ್ದನ್ನು ಹೊತ್ತಿಸುವ ಉಪಾಯವನ್ನು ಕಂಡುಹಿಡಿದು, ೧೮೦೭ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಕೆಲವೇ ವರ್ಷಗಳಲ್ಲಿ ಆ ರಸಾಯನವು ತಾಮ್ರದ ಪುಟ್ಟ ಟೋಪಿಯೊಳಗೆ ಸೇರಿತು. ಅದೇ ಹಳ್ಳಿಯವರು ಹೇಳುವ ಕೇಪು. ನಳಿಗೆಯ ಬುಡದಲ್ಲಿ ತೂತುಳ್ಳ ಒಂದು ಮೊಳೆ. ಅದರ ತಲೆಗೆ ಕೇಪು. ಕುದುರೆಯು ಅದರ ಮೇಲೆ ಬಿದ್ದರೆ ಒಳಗಿನ ಮದ್ದು ಒಡನೆಯೇ ಹೊತ್ತುವುದು. ಮಳೆಗೂ ಗಾಳಿಗೂ ಅಂಜಬೇಕಾಗಿಲ್ಲ. ಪಶ್ಚಿಮದ ಸೇನೆಗಳಲ್ಲಿ ಈ ಕೇಪಿನ ಆಳ್ವಿಕೆ ನಡೆದದ್ದು ಸ್ವಲ್ಪಕಾಲ ಮಾತ್ರ. ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಕೊಳವೆಯಲ್ಲಿ ಅಡಕಮಾಡಿದ ತೋಟಾ ಬಂದು ಅದನ್ನು ಹಿಂದಕ್ಕೆ ನೂಕಿತು. ಆದರೆ ನಮ್ಮ ಹಳ್ಳಿಗಳಲ್ಲಿ ಕೇಪಿನ ಬಂದೂಕು ಉಳಿಯಿತು. ೧೯೫೯ರ ಆಯುಧ ಕಾಯಿದೆಯ ೧೩ನೆಯ ಪ್ರಕರಣದಲ್ಲಿಯೂ, ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ಕಾಯುವುದಕ್ಕಾಗಿ ಕೇಳುವ ರೈತನ ಪ್ರಸ್ತಾಪವು ಬೇರೆಯಾಗಿಯೇ ಬಂದಿದೆ.

ಅಂಬಾಜಿದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಿ ಇಂಥ ಬಂದೂಕೊಂದು ಮೂರು ತಲೆಮಾರು ಬಾಳಿತು. ಅದರ ಕಡೆಯ ಒಡೆಯನು ಎಂಬತ್ತು ದಾಟಿದ ರೈತ; ಊರಿನವರು ಅವನನ್ನು ಯಜಮಾನನೆಂದೇ ಕರೆಯುವರು. ನಾಲ್ಕು ಎಕರೆ ಖುಷ್ಕಿ. ಮಳೆಯಾದ ವರ್ಷ ರಾಗಿ, ಅವರೆ, ಕಡಲೆಕಾಯಿ. ಕಡಲೆಕಾಯಿ ಬಲಿಯುವ ಹೊತ್ತಿಗೆ ಬೆಟ್ಟದ ಕುರುಚಲಿನಿಂದ ಕಾಡುಹಂದಿಗಳಿಳಿದು, ಒಂದೇ ರಾತ್ರಿಯಲ್ಲಿ ಸಾಲುಸಾಲಾಗಿ ಉತ್ತುಹೋಗುವುವು. ೧೯೭೨ರ ವನ್ಯಜೀವಿ ಕಾಯಿದೆಯು ಬಂದ ಮೇಲೆ ಯಜಮಾನನು ಬಂದೂಕಿಗೆ ಚರೆಯನ್ನು ಹಾಕಿದವನಲ್ಲ. ಬರಿಯ ಮದ್ದಿನ ಈಡು. ಅದರ ಶಬ್ದಕ್ಕೆ ಹಂದಿಗಳು ಹತ್ತು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಬರಿಯ ಶಬ್ದಕ್ಕಾಗಿಯೂ ಅವನು ಪಡುತ್ತಿದ್ದ ಶ್ರದ್ಧೆಯನ್ನು ನೋಡಿದರೆ, ಸಂಧ್ಯಾವಂದನೆಯನ್ನು ಒಂದು ಅಂಗವೂ ಲೋಪವಾಗದಂತೆ ಮಾಡುವ ವೈದಿಕರ ನೆನಪು ಬರುವಂತಿತ್ತು.

ಮೊದಲು ನಳಿಗೆಯೊಳಕ್ಕೆ ಗಜವನ್ನು ಇಳಿಬಿಟ್ಟು ನೋಡುವನು. ಗಜದ ಮೇಲೆ ಒಂದು ಗೆರೆಯುಂಟು. ಅದು ನಳಿಗೆಯ ಬಾಯಿಗೆ ಸಮವಾಗಿ ಇಳಿದರೆ ಒಳಗೆ ಏನೂ ಇಲ್ಲ. ಮೇಲೆ ನಿಂತರೆ ಹಳೆಯ ಈಡು ಒಳಗಿದೆ. ಅನಂತರ ನಳಿಗೆಯ ಬಾಯನ್ನು ನೆಲದ ಮೇಲಿನ ಒಣಹುಲ್ಲಿನ ಎಸಳಿಗೆ ಹತ್ತಿರ ಹಿಡಿದು ಬರಿಯ ಕೇಪನ್ನು ಹೊಡೆಯುವನು. ಎಸಳು ಅಲುಗಿದರೆ ಮೊಳೆಯ ತೂತು ತೆರೆದಿದೆ, ಎಣ್ಣೆಯಾಗಲಿ ಕಿಟ್ಟವಾಗಲಿ ಕಟ್ಟಿಕೊಂಡಿಲ್ಲವೆಂದು ಅರ್ಥ. ಆಮೇಲೆ ಕೊಂಬಿನ ತುದಿಯನ್ನು ಕೊರೆದು ಮಾಡಿದ ಅಳತೆಯಲ್ಲಿ ಮದ್ದು. ಮದ್ದಿನ ಬುಡ್ಡಿಯನ್ನು ನಳಿಗೆಯ ಮೇಲೆ ಎಂದಿಗೂ ನೇರವಾಗಿ ಬಗ್ಗಿಸನು. ಒಳಗೆ ಕೆಂಡದ ಚೂರೊಂದು ಉಳಿದಿದ್ದರೆ ಬುಡ್ಡಿಯೇ ಸಿಡಿದೀತು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜದಿಂದ ಎರಡು ಏಟು. ಗಜವು ಮೆತ್ತಗೆ ಕೂತರೆ ಇನ್ನೊಂದು ಏಟು. ಪುಟಿದು ಮೇಲೆ ಬಂದರೆ ಸಾಕು. ಎಲ್ಲಕ್ಕೂ ಕಡೆಯಲ್ಲಿ, ಹೊಲದ ಬದುವಿನ ಮೇಲೆ ನಿಂತು, ಕೇಪು. ಮನೆಯ ಅಂಗಳದಲ್ಲಿ ಕೇಪನ್ನಿಟ್ಟದ್ದನ್ನು ಕಂಡವರಿಲ್ಲ.

ಮನೆಯೊಳಗೆ ಬಂದೂಕಿಗೆ ಮನ್ನಣೆಯಿರಲಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದಿನ ದಿನ ಕೋವಿಗಳನ್ನು ತೊಳೆದು, ಅಗ್ನಿಶಿಖೆಯ ಹೂವನ್ನು ಮುಡಿಸಿ ಪೂಜಿಸುವರು. ಆ ಹೂವಿಗೆ ಅಲ್ಲಿ ಕೋವಿಯ ಹೂವೆಂದೇ ಹೆಸರು. ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಹಾರಿಸುವುದು ಅಲ್ಲಿಯ ಸಂಪ್ರದಾಯ. ಯಜಮಾನನ ಹೆಂಡತಿಯಾದರೋ ಆಯುಧಪೂಜೆಗೆ ಕುಡುಗೋಲು, ನೇಗಿಲುಗಳಿಗೆ ಕುಂಕುಮವನ್ನಿಡುವಳೇ ಹೊರತು ಬಂದೂಕಿಗೆ ಇಡಳು. ಅದನ್ನು ಹಜಾರದ ಗೂಟದಿಂದ ಒಳಕ್ಕೆ ತರಗೊಡಿಸಳು. ಆಕೆಯ ತವರು ಗೌರಿಬಿದನೂರಿನ ಕಡೆ. ೧೯೩೮ರ ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ನೆರೆದಿದ್ದ ನಿರಾಯುಧರಾದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿ, ಅನೇಕರು ಪ್ರಾಣಬಿಟ್ಟರಷ್ಟೆ. ಆಕೆಯ ತಂದೆ ಅಂದು ಆ ಗುಂಪಿನಲ್ಲಿದ್ದು ಬದುಕಿ ಬಂದವನು. ಸದ್ದಾದ ಮೇಲೆ ಪಕ್ಕದಲ್ಲಿದ್ದವನು ಕುಳಿತಂತೆ ಕಂಡನೆಂದೂ, ಕುಳಿತದ್ದಲ್ಲವೆಂದು ಆಮೇಲೆ ತಿಳಿಯಿತೆಂದೂ ಅವನು ಮಕ್ಕಳಿಗೆ ಹೇಳುತ್ತಿದ್ದನಂತೆ. ಬೆಳೆ ಕಾಯುವ ಬಂದೂಕಿಗೂ ಜನರನ್ನು ಕೆಡವಿದ ಬಂದೂಕಿಗೂ ಭೇದವುಂಟೆಂದು ಗಂಡನು ಹೇಳಿದರೆ, ಭೇದವು ಹಿಡಿದವನ ಕೈಯಲ್ಲಿದೆ, ಕಬ್ಬಿಣದಲ್ಲಿಲ್ಲವೆಂದು ಆಕೆಯ ಉತ್ತರ. ಐವತ್ತು ವರ್ಷಗಳ ಸಂಸಾರದಲ್ಲಿ ಈ ವಾದವು ತೀರಲಿಲ್ಲ.

ಇವರ ಮೊಮ್ಮಗನು ಅಮೆರಿಕದಲ್ಲಿ ಉದ್ಯೋಗದಲ್ಲಿರುವವನು. ಅಲ್ಲಿ ಅವನಿಗೆ ಒಂದು ಹವ್ಯಾಸವು ಅಂಟಿತು: ಕೇಪಿನ ರಿವಾಲ್ವರಿನಿಂದ ಗುರಿಯಿಡುವುದು. ಸ್ಯಾಮ್ಯುಯೆಲ್ ಕೋಲ್ಟನು ೧೮೩೬ರಲ್ಲಿ ಹಕ್ಕುಪತ್ರ ಪಡೆದ ತಿರುಗುವ ಪಿಸ್ತೂಲಿನ ವಂಶದ್ದು ಅದು. ೧೮೫೧ರ ನೌಕಾಮಾದರಿಯಂತೂ ಎರಡು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ತೋಟಾ ಬಂದ ಮೇಲೆ ಇವೆಲ್ಲ ಮೂಲೆಗೆ ಬಿದ್ದುವು. ೧೯೫೦ರ ದಶಕದ ಕೊನೆಯಲ್ಲಿ, ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವವು ಹತ್ತಿರವಾದಾಗ, ಇಟಲಿಯ ಗಾರ್ದೋನೆ ಎಂಬ ಕಣಿವೆಯೂರಿನ ಕುಶಲಕರ್ಮಿಗಳು ಅವುಗಳ ಪ್ರತಿಕೃತಿಗಳನ್ನು ಮಾಡತೊಡಗಿದರು. ಅಮೆರಿಕದ ೧೯೬೮ರ ಶಾಸನವು ಇಂಥವನ್ನು ಪುರಾತನ ಆಯುಧಗಳ ಸಾಲಿಗೆ ಸೇರಿಸಿದೆ. ನಮ್ಮ ದೇಶದಲ್ಲಾದರೋ ಪರವಾನಗಿಯಿಲ್ಲದೆ ಇವನ್ನು ಮುಟ್ಟುವಂತಿಲ್ಲ. ಆದುದರಿಂದ ರಜೆಗೆ ಬಂದ ಮೊಮ್ಮಗನು ಮೊಬೈಲಿನಲ್ಲಿ ಚಿತ್ರಗಳನ್ನು ಮಾತ್ರ ತಂದಿದ್ದನು. ಹಜಾರದಲ್ಲಿ ಕುಳಿತು ಅವನ್ನು ತಾತನಿಗೆ ತೋರಿಸಿದನು.

ಅದರ ಕ್ರಮ ಹೀಗೆ. ನಳಿಗೆಯ ಹಿಂದೆ ಒಂದು ಉರುಳೆ. ಅದರಲ್ಲಿ ಆರು ಗೂಡುಗಳು. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿದರೆ ಉರುಳೆಯು ಕೈಗೆ ತಿರುಗುವುದು. ಒಂದೊಂದು ಗೂಡಿಗೂ ಸುಮಾರು ೨೦ ಗ್ರೇನ್ ಮದ್ದು. ಹಳೆಯ ತೂಕದಲ್ಲಿ ಹತ್ತು ಹನ್ನೊಂದು ಗುಲಗಂಜಿ. ಅದರ ಮೇಲೆ ಗೂಡಿಗಿಂತ ಕೂದಲೆಳೆಯಷ್ಟು ದಪ್ಪನಾದ ಸೀಸದ ಗುಂಡು. ಸನ್ನೆಕೋಲಿನಿಂದ ಅದನ್ನು ಒತ್ತಿದಾಗ ಸೀಸದ ತೆಳುವಾದ ಉಂಗುರವೊಂದು ಸುತ್ತಲೂ ಕತ್ತರಿಸಿ ಬೀಳಬೇಕು. ಬಿದ್ದರೆ ಗೂಡಿನ ಬಾಯಿ ಮುಚ್ಚಿತೆಂದು ಸಾಕ್ಷಿ. ಅದರ ಮೇಲೆ ಜೇನುಮೇಣ ಕಲಸಿದ ಕೊಬ್ಬು. ಗುಂಡು ಸಡಿಲವಾಗಿದ್ದರೆ, ಅಥವಾ ಕೇಪು ಸಡಿಲವಾಗಿದ್ದರೆ, ಒಂದು ಗೂಡಿನ ಉರಿಯು ಪಕ್ಕದ ಗೂಡುಗಳಿಗೂ ತಗಲಿ ಅವೂ ಒಮ್ಮೆಗೇ ಸಿಡಿಯುವ ಅಪಾಯವುಂಟು. ಜಾಣರು ಆರರಲ್ಲಿ ಐದನ್ನೇ ತುಂಬಿ, ಬರಿದಾದ ಗೂಡಿನ ಮೇಲೆ ಕುದುರೆಯನ್ನು ಇಳಿಸಿಡುವರು. ಮದ್ದು ಸ್ವಲ್ಪವಾದಾಗ ಗುಂಡು ಗೂಡಿನ ಆಳದಲ್ಲಿ ಹೂತುಹೋಗದಿರಲೆಂದು, ಮದ್ದಿನ ಮೇಲೆ ರವೆಯನ್ನು ತುಂಬುವುದೂ ಉಂಟು.

“ಯಾವ ರವೆ?” ಎಂದು ಒಳಗಿನಿಂದ ಅಜ್ಜಿ ಕೇಳಿದಳು.

“ಉಪ್ಪಿಟ್ಟಿನ ರವೆಯೇ, ಅಜ್ಜಿ.”

“ತಿನ್ನುವ ಪದಾರ್ಥ” ಎಂದಷ್ಟೇ ಹೇಳಿ ಆಕೆ ಸುಮ್ಮನಾದಳು. ತಾತನು ಮಾತ್ರ ಬಹಳ ಹೊತ್ತು ನಕ್ಕನು.

ಇಂಥ ಪ್ರತಿಕೃತಿಗಳು ಪೆಟ್ಟಿಗೆಯಿಂದ ಹೊರಬಂದ ಕೂಡಲೆ ಹದವಾಗಿರುವುದಿಲ್ಲವೆಂದು ಮೊಮ್ಮಗನು ವಿವರಿಸಿದನು. ನಳಿಗೆಯನ್ನು ಉರುಳೆಯ ಅಚ್ಚಿಗೆ ಹಿಡಿದಿಡುವುದು ಒಂದು ಬೆಣೆ ಮಾತ್ರ. ಅಚ್ಚಿನ ತುದಿಯು ನಳಿಗೆಯ ಕುಳಿಯ ತಳವನ್ನು ಮುಟ್ಟದೆ ಮೋಟಾಗಿದ್ದರೆ, ಬೆಣೆಯನ್ನು ಬಿಗಿದಂತೆಲ್ಲ ನಳಿಗೆಯು ಹಿಂದಕ್ಕೆ ಸರಿದು ಉರುಳೆಯನ್ನೇ ಕಚ್ಚುವುದು. ಆಗ ಕುಳಿಯಲ್ಲಿ ತೆಳುವಾದ ಉಕ್ಕಿನ ಬಿಲ್ಲೆಯೊಂದನ್ನಿಟ್ಟು ಆ ಕೊರತೆಯನ್ನು ತುಂಬಬೇಕು. ಕುದುರೆಯು ಪೂರ್ತಿ ಎದ್ದು ನಿಲ್ಲುವ ಕ್ಷಣಕ್ಕೆ ಸರಿಯಾಗಿ ತಡೆಕೀಲು ಉರುಳೆಯ ಕಚ್ಚಿನಲ್ಲಿ ಬೀಳಬೇಕು. ತಡವಾದರೆ ಗೂಡೂ ನಳಿಗೆಯೂ ಒಂದೇ ನೇರಕ್ಕೆ ಬಾರದೆ, ಗುಂಡು ಅಂಚಿಗೆ ತಾಗಿ ಸೀಸ ಹೆರೆಯುವುದು. ಉಜ್ಜುವಾಗ ಅರದ ಒಂದು ಎಳೆತ ಹೆಚ್ಚಾದರೂ ಹೋದದ್ದನ್ನು ಮತ್ತೆ ತರಲಾಗದು. ಈ ಎಲ್ಲವನ್ನೂ ಹುಡುಗನು ಸರಿಪಡಿಸಿಕೊಂಡಿದ್ದನು. ಒಂದು ದೋಷ ಮಾತ್ರ ಉಳಿದಿತ್ತು. ಕುದುರೆಯು ಬಿದ್ದ ಮೊದಲ ಸಲ ಕೇಪು ಸಿಡಿಯದು. ಅದೇ ಕೇಪು ಎರಡನೆಯ ಏಟಿಗೆ ಸಿಡಿಯುವುದು. ಸ್ಪ್ರಿಂಗು ದುರ್ಬಲವೆಂದು ಎಣಿಸಿ ಬಲವಾದ ಬೇರೊಂದನ್ನು ಹಾಕಬೇಕೆಂದಿದ್ದನು.

ತಾತನು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದನು. ಅವನು ರಿವಾಲ್ವರನ್ನು ಎಂದೂ ಮುಟ್ಟಿದವನಲ್ಲ.

“ಎರಡನೇ ಏಟಿಗೆ ಹೊತ್ತುತ್ತದಲ್ಲವೆ?”

“ಹೌದು ತಾತ, ಯಾವಾಗಲೂ.”

“ಕುದುರೆಗೆ ಬಲವಿಲ್ಲದಿದ್ದರೆ ಎರಡನೇ ಏಟಿಗೂ ಹೊತ್ತಬಾರದಲ್ಲ. ನಿನ್ನ ಕೇಪು ತಳ ಮುಟ್ಟಿ ಕೂತಿಲ್ಲ. ಮೊದಲನೇ ಏಟು ಅದನ್ನು ಕೂರಿಸುತ್ತದೆ. ಎರಡನೇ ಏಟು ಒಡೆಯುತ್ತದೆ. ಮೊಳೆಯ ತಲೆ ದಪ್ಪವಾಗಿದೆ. ಸಣ್ಣ ಅರದಲ್ಲಿ ಸುತ್ತಲೂ ಸಮನಾಗಿ, ಸ್ವಲ್ಪವೇ ತೆಗೆ. ಎತ್ತರ ತೆಗೆಯಬೇಡ, ತೆಗೆದರೆ ಕುದುರೆಗೆ ಎಟುಕುವುದಿಲ್ಲ. ಅಲ್ಲಿಯತನಕ ಮರದ ಕಡ್ಡಿಯಿಂದ ಕೇಪನ್ನು ಅದುಮಿ ನೋಡು.”

ಹುಡುಗನು ಹಿಂದಿರುಗಿದ ಮೇಲೆ ಹಾಗೆಯೇ ಮಾಡಿದನು. ಕಡ್ಡಿಯಿಂದ ಅದುಮಿದಾಗ ಐದಕ್ಕೆ ಐದೂ ಮೊದಲ ಏಟಿಗೆ ಸಿಡಿದುವು. ಮೊಳೆಗಳನ್ನು ಅರದಿಂದ ತಿದ್ದಿದ ಮೇಲೆ ಕಡ್ಡಿಯೂ ಬೇಕಾಗಲಿಲ್ಲ. ತಾತನ ವಿದ್ಯೆಯು ವಸ್ತುವನ್ನು ಕುರಿತದ್ದಲ್ಲ, ಕಾರ್ಯಕಾರಣಗಳನ್ನು ಕುರಿತದ್ದು. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ಕಲಿಸುವುದನ್ನು ಅವನು ಹಂದಿ ಕಾಯುವ ಬದುವಿನ ಮೇಲೆ ಕಲಿತಿದ್ದನು.

ಶುಚಿಯ ವಿಷಯದಲ್ಲಿ ಇಬ್ಬರಿಗೂ ಮತಭೇದವಿರಲಿಲ್ಲ. ಕರಿಮದ್ದು ಉರಿದಾಗ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗವು ಹೊಗೆಯಾಗಿಯೂ ಕಿಟ್ಟವಾಗಿಯೂ ಘನರೂಪದಲ್ಲಿಯೇ ಉಳಿಯುವುದು. ಆ ಕಿಟ್ಟವು ಲವಣಮಯ; ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುವುದು. ಲವಣವಾದುದರಿಂದಲೇ ಅದು ಬಿಸಿನೀರಿಗೆ ಕರಗುವುದು; ಬರಿಯ ಎಣ್ಣೆಯಿಂದ ಹೋಗದು. ಅಂದಂದಿಗೆ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಮೈಸೂರಿನ ದಸರೆಯಲ್ಲಿ ಕುಶಾಲತೋಪುಗಳನ್ನು ಹಾರಿಸುವ ಪೊಲೀಸರು ಒಂದೊಂದು ಈಡಿಗೂ ನಡುವೆ ಒದ್ದೆಯ ಕುಂಚವನ್ನು ನಳಿಗೆಯೊಳಗೆ ಆಡಿಸಿ, ಒಳಗಿನ ಕಿಡಿಯನ್ನಾರಿಸಿದ ಮೇಲೆಯೇ ಮತ್ತೆ ಮದ್ದು ತುಂಬುವರು. ಇಪ್ಪತ್ತೊಂದು ತೋಪುಗಳ ಸಂಭ್ರಮವನ್ನು ಕಾಣುವವರು ಬಹಳ. ಆ ಕುಂಚವನ್ನು ಕಾಣುವವರು ಕೆಲವರು.

ಪರದೇಶಗಳಲ್ಲಿ ಈ ಹಳೆಯ ಆಯುಧಗಳಿಗೆ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕೇಪಿನ ರಿವಾಲ್ವರಿಗೆ ೨೫ ಮೀಟರ್ ದೂರ, ೧೩ ಈಡುಗಳು, ಅವುಗಳಲ್ಲಿ ಉತ್ತಮವಾದ ೧೦ ಎಣಿಕೆಗೆ, ಕಾಲಾವಕಾಶವು ೩೦ ನಿಮಿಷ. ಈ ನಿಯಮವನ್ನು ಕೇಳಿ ತಾತನು ಮೆಚ್ಚಿದನಂತೆ. ತೋಟಾ ಬಂದೂಕಿನವನು ಅಷ್ಟು ಹೊತ್ತಿನಲ್ಲಿ ನೂರಾರು ಗುಂಡು ಹಾರಿಸಬಲ್ಲನು. ಇಲ್ಲಿ ಅರ್ಧ ಗಂಟೆಯ ಬಹುಭಾಗವು ಅಳೆಯುವುದರಲ್ಲಿ, ಒತ್ತುವುದರಲ್ಲಿ, ಒರಸುವುದರಲ್ಲಿ ಕಳೆಯುವುದು, ಹಾರಿಸುವುದು ಕ್ಷಣಮಾತ್ರ. ಸಿಟ್ಟು ಬಂದವನಿಗೆ ಈ ಬಂದೂಕು ಒದಗದು. ಅಷ್ಟನ್ನೂ ಸರಿಯಾಗಿ ತುಂಬುವಷ್ಟರಲ್ಲಿ ಸಿಟ್ಟು ಇಳಿದಿರುವುದು ಎಂದು ಅವನ ಅಭಿಪ್ರಾಯ. ಅಜ್ಜಿ ಇದನ್ನು ಒಪ್ಪಲಿಲ್ಲ. ಸಿಟ್ಟಿಲ್ಲದೆ, ತಣ್ಣಗೆ, ಯಾರೋ ಹೇಳಿದರೆಂದು ಹಾರಿಸುವವರೂ ಇರುತ್ತಾರೆ ಎಂದಳು. ಅದಕ್ಕೆ ತಾತನು ಮರುಮಾತನಾಡಲಿಲ್ಲ.

ಮರುವರ್ಷ ಪರವಾನಗಿಯ ಅವಧಿಯು ಮುಗಿಯುತ್ತ ಬಂದಿತು. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ಅವನಿಗೆ ಅಭ್ಯಾಸವಾಗಿತ್ತು. ಈ ಸಲ ಮಗನು, ತನ್ನ ಹೆಸರಿಗೆ ಅದು ಬೇಡ, ಹೊಲಕ್ಕೆ ಸೌರಬೇಲಿಯನ್ನು ಹಾಕಿಸುವುದಾಗಿ ಹೇಳಿದನು. ತಾತನಿಗೆ ನೋವಾದರೂ ಒಡನೆ ಒಪ್ಪಲಿಲ್ಲ. ಒಂದು ಸಂಜೆ ಕೊಂಬಿನ ಅಳತೆಗೆ ಮದ್ದು ಸುರಿಯುವಾಗ ಕೈ ನಡುಗಿ, ಕಾಲುಭಾಗ ನೆಲಕ್ಕೆ ಚೆಲ್ಲಿತು. ಚೆಲ್ಲಿದ್ದೆಷ್ಟು, ಒಳಗೆ ಬಿದ್ದದ್ದೆಷ್ಟು ಎಂಬುದು ಕಣ್ಣಿಗೆ ಕಾಣಿಸಲಿಲ್ಲ. ಅವನು ಅಳತೆಯಲ್ಲಿದ್ದುದನ್ನು ಬುಡ್ಡಿಗೆ ಹಿಂದಕ್ಕೆ ಹಾಕಿ, ಚೆಲ್ಲಿದ ಕಡೆ ನೀರು ಹುಯ್ದು, ಅಂದಿನ ಈಡನ್ನು ಹಾರಿಸದೆ ಮಲಗಿದನು. ಬೆಳಿಗ್ಗೆ, “ಅಳತೆ ತಪ್ಪುವ ಕೈಗೆ ಮದ್ದು ಕೊಡಬಾರದು” ಎಂದು ಹೇಳಿ, ಬಂದೂಕನ್ನು ಬಿಸಿನೀರಿನಲ್ಲಿ ತೊಳೆದು, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಕೊಂಡು ಠಾಣೆಗೆ ಹೋಗಿ ಒಪ್ಪಿಸಿ ರಸೀತಿಯನ್ನು ತಂದನು. ಒಪ್ಪಿಸುವ ವಸ್ತುವನ್ನೂ ಇಷ್ಟು ತೊಳೆಯಬೇಕೆ ಎಂದು ಮಗನು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಹಜಾರದ ಗೂಟದಲ್ಲಿ ಈಗ ಮೊರವು ತೂಗುತ್ತಿದೆ.

ಕೊಂಬಿನ ಅಳತೆಯೊಂದು ಮನೆಯಲ್ಲಿ ಉಳಿದಿತ್ತು. ಮತ್ತೆ ರಜೆಗೆ ಬಂದ ಮೊಮ್ಮಗನು ಅದನ್ನು ಕೇಳಿ ಪಡೆದನು. ಬಾಯಿಯ ಅಂಚು ಮೂರು ತಲೆಮಾರಿನ ಬೆರಳುಗಳಿಗೆ ಸವೆದು ನುಣುಪಾಗಿತ್ತು. ಒಳಗೆ ಇಣುಕಿ ನೋಡಿ, ಇದು ತನ್ನ ಪಿಸ್ತೂಲಿನ ಗೂಡಿಗೆ ಬಹಳ ದೊಡ್ಡದಾಯಿತೆಂದನು.

ತಾತನು ಹೇಳಿದನು: “ಅದು ಆ ಬಂದೂಕಿನ ಅಳತೆ. ಒಂದೊಂದಕ್ಕೂ ಅದರದೇ ಇರುತ್ತದೆ. ನಿನ್ನದನ್ನು ನೀನೇ ಕೊರೆದುಕೊ.”